ಎಲ್ಲಿ ಒತ್ತಬೇಕು, ಎಲ್ಲಿ ಕೈ ಹಗುರ ಬಿಡಬೇಕು: ಮೊದಲ ಸಲ ಡೆಸ್ಕ್‌ಟಾಪ್ ಜೋಡಿಸುವವರಿಗೆ

ಕಂಪ್ಯೂಟರ್ ಜೋಡಿಸುವ ಆಸೆ ಇದ್ದೂ ಹಿಂಜರಿಯುವವರನ್ನು ಯಾಕೆಂದು ಕೇಳಿದರೆ ಬಹಳ ಮಂದಿ ಹೇಳುವುದು ಒಂದೇ ಮಾತು: ‘ಏನಾದರೂ ಮುರಿದುಹೋದರೆ?’ ಈ ಅಂಜಿಕೆಯನ್ನು ತಳ್ಳಿಹಾಕಬೇಕಿಲ್ಲ. ಒಂದು ಡೆಸ್ಕ್‌ಟಾಪ್‌ನಲ್ಲಿ ಮುಖ್ಯ ಭಾಗಗಳು ಏಳೆಂಟೇ. ಯಾವುದು ಎಲ್ಲಿಗೆ ಹೋಗಬೇಕು ಎಂಬುದನ್ನು ಹೆಚ್ಚಿನ ಕಡೆ ಕನೆಕ್ಟರಿನ ಆಕಾರವೇ ಹೇಳಿಬಿಡುತ್ತದೆ. ಆದರೆ ಎಷ್ಟು ಬಲ ಹಾಕಬೇಕು ಎಂಬುದನ್ನು ಆಕಾರ ಹೇಳುವುದಿಲ್ಲ. ಪ್ರೊಸೆಸರನ್ನು ಇಡುವಾಗ ಬೆರಳಿನ ಭಾರವೂ ಅದರ ಮೇಲೆ ಬೀಳಬಾರದು. ಅದರ ಪಕ್ಕದಲ್ಲೇ ಇರುವ ರ‍್ಯಾಮ್‌ಗೆ ಎರಡೂ ಹೆಬ್ಬೆರಳು ಊರಿ ಒತ್ತಬೇಕು. ಹೊಸಬರು ಇದನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಒತ್ತಬೇಕಾದಲ್ಲಿ ಹೆದರಿ ಅರ್ಧಕ್ಕೆ ನಿಲ್ಲಿಸುತ್ತಾರೆ, ಹಗುರವಾಗಿ ಬಿಡಬೇಕಾದಲ್ಲಿ ಒತ್ತುತ್ತಾರೆ. ಇವತ್ತು ಜೋಡಣೆಯ ಕ್ರಮದಲ್ಲೇ ಹೋಗುತ್ತಾ, ಪ್ರತಿ ಹಂತದಲ್ಲೂ ಕೈಗೆ ಎಷ್ಟು ಬಲ ಬೇಕು ಎಂದು ನೋಡೋಣ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಭಾಗಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ತೀರ್ಮಾನವಾಗಿರಬೇಕು. ಮೊದಲನೆಯದು ಸಾಕೆಟ್, ಅಂದರೆ ಎಲ್ಲ ಭಾಗಗಳೂ ಬಂದು ಸೇರುವ ಮದರ್‌ಬೋರ್ಡಿನಲ್ಲಿ (ಮುಂದೆ ಬರೀ ಬೋರ್ಡ್) ಪ್ರೊಸೆಸರ್ ಕೂರುವ ಜಾಗ. ಇಂಟೆಲ್‌ನ 12, 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಲ್‌ಜಿಎ 1700 ಸಾಕೆಟ್ ಬೇಕು. ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851. ಎಎಂಡಿಯಲ್ಲಿ ರೈಜೆನ್ 5000ದವರೆಗೆ ಎಎಂ4, ರೈಜೆನ್ 7000 ಮತ್ತು 9000 ಸರಣಿಗಳಿಗೆ ಎಎಂ5. ಸಾಕೆಟ್ ಒಂದೇ ಆದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. 12ನೇ ತಲೆಮಾರಿನ ಜೊತೆ ಬಂದ ಬೋರ್ಡಿಗೆ 14ನೇ ತಲೆಮಾರಿನ ಪ್ರೊಸೆಸರ್ ಸಲೀಸಾಗಿ ಕೂರುತ್ತದೆ, ಆದರೆ ಬೋರ್ಡಿನ ಬಯೋಸ್ (ಯಂತ್ರವನ್ನು ಮೊದಲು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಹಳೆಯದಾಗಿದ್ದರೆ ಅದನ್ನು ಗುರುತಿಸುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ತಯಾರಿಸಿದವರ ವೆಬ್‌ಸೈಟಿನಲ್ಲಿ ಯಾವ ಪ್ರೊಸೆಸರ್‌ಗೆ ಬಯೋಸ್‌ನ ಯಾವ ಆವೃತ್ತಿ ಬೇಕು ಎಂಬ ಪಟ್ಟಿ ಇರುತ್ತದೆ. ಕೊಳ್ಳುವ ಮೊದಲೇ ಅದನ್ನು ನೋಡಿ. ಬೋರ್ಡಿನ ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಎಂಬ ಗುಂಡಿ ಇದ್ದರೆ ಒಳ್ಳೆಯದು. ಪ್ರೊಸೆಸರ್ ಇಲ್ಲದೆಯೂ, ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಿಂದ ಹೊಸ ಬಯೋಸ್ ತುಂಬಬಹುದು. ಕಡತಕ್ಕೆ ಏನು ಹೆಸರಿಡಬೇಕು ಎಂಬುದು ಬೋರ್ಡಿನ ಕೈಪಿಡಿಯಲ್ಲಿದೆ. ಹೆಸರು ಒಂದಕ್ಷರ ತಪ್ಪಿದರೂ ಅದು ಓದುವುದಿಲ್ಲ.

ಎರಡನೆಯದು ರ‍್ಯಾಮ್. ಎಎಂ5 ಬೋರ್ಡುಗಳಿಗೆ ಡಿಡಿಆರ್5 ಎಂಬ ತಲೆಮಾರಿನದು ಮಾತ್ರ. ಎಲ್‌ಜಿಎ 1700ರಲ್ಲಿ ಡಿಡಿಆರ್4ರ ಬೋರ್ಡುಗಳೂ ಇವೆ, ಡಿಡಿಆರ್5ರವೂ ಇವೆ. ಎರಡು ಬಗೆಯ ರ‍್ಯಾಮ್ ಪಟ್ಟಿಗಳಲ್ಲೂ 288 ಪಿನ್ನುಗಳು, ಉದ್ದವೂ ಒಂದೇ, ನೋಡಲೂ ಒಂದೇ. ಆದರೆ ಕೆಳಗಿನ ಕಚ್ಚು ಬೇರೆ ಜಾಗದಲ್ಲಿದೆ. ಹಾಗಾಗಿ ಕಚ್ಚು ಮತ್ತು ಸ್ಲಾಟಿನೊಳಗಿನ ಉಬ್ಬು ಎದುರುಬದುರು ಬರದಿದ್ದರೆ ಅಲ್ಲಿ ಬಲ ಹಾಕುವುದೇ ತಪ್ಪು, ನಿಮ್ಮ ಕೈಯಲ್ಲಿರುವುದು ಬೇರೆ ಜಾತಿಯ ರ‍್ಯಾಮ್.

ಪರದೆಯ ಮೇಲೆ ಚಿತ್ರ ಎಲ್ಲಿಂದ ಬರುತ್ತದೆ ಎಂಬುದನ್ನೂ ಈಗಲೇ ತಿಳಿದುಕೊಂಡಿರಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ರೈಜೆನ್ 5000ದಲ್ಲಿ ‘ಜಿ’ ಇಲ್ಲದವುಗಳಿಗೂ ಇಲ್ಲ. ಅಂಥದ್ದನ್ನು ಕೊಂಡರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕುವವರೆಗೆ ಬಯೋಸ್‌ನ ಪರದೆ ಕೂಡ ಕಾಣುವುದಿಲ್ಲ. ಹೊಸಬರಿಗೆ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರನ್ನೇ ಸೂಚಿಸುತ್ತೇನೆ. ಆಟ ಆಡಲು ಅದು ಸಾಲದಿರಬಹುದು, ಆದರೆ ತೊಂದರೆ ಬಂದಾಗ ಕಾರ್ಡ್ ತೆಗೆದಿಟ್ಟು ಪರೀಕ್ಷಿಸಲು ದಾರಿ ಇರುತ್ತದೆ.

ಅಳತೆಗಳ ಮಾತು. ಎಟಿಎಕ್ಸ್ ಬೋರ್ಡ್ 305 × 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ಇಲ್ಲಿ ದಾರಿ ಬಿಟ್ಟು ಒಂದು ಮಾತು ಹೇಳುತ್ತೇನೆ. ಎಟಿಎಕ್ಸ್ ಮಾದರಿಯನ್ನು ಇಂಟೆಲ್ 1995ರಲ್ಲಿ ಹೊರತಂದಿತು. ಪ್ರೊಸೆಸರ್, ರ‍್ಯಾಮ್, ಸ್ಲಾಟು ಎಲ್ಲವೂ ಎಷ್ಟೋ ಸಲ ಬದಲಾದವು, ಬೋರ್ಡಿನ ಸ್ಕ್ರೂ ತೂತುಗಳ ಜಾಗ ಮಾತ್ರ ಬದಲಾಗಲಿಲ್ಲ. ಚಿಕ್ಕ ಬೋರ್ಡುಗಳೂ ಅದೇ ತೂತುಗಳಲ್ಲಿ ಕೆಲವನ್ನು ಬಳಸಿಕೊಳ್ಳುತ್ತವೆ. ಅದರಿಂದಲೇ ಮಿನಿ ಐಟಿಎಕ್ಸ್ ಬೋರ್ಡ್ ದೊಡ್ಡ ಕ್ಯಾಬಿನೆಟ್ಟಿನಲ್ಲೂ ಕೂರುತ್ತದೆ, ಯಾರದೋ ಹಳೆಯ ಒಳ್ಳೆಯ ಕ್ಯಾಬಿನೆಟ್ ನಿಮ್ಮ ಹೊಸ ಬೋರ್ಡಿಗೆ ಆಗಿಬರುತ್ತದೆ. ಆದರೆ ಹಳೆಯ ಕ್ಯಾಬಿನೆಟ್ಟಿನಲ್ಲಿ ಗಾಳಿಯಾಡುವ ಜಾಗ ಸಾಲುತ್ತದೆಯೇ ಎಂದು ನೋಡಿ. ಹೊಸದಾದರೂ ಸರಿ, ಎರಡು ಅಳತೆ ತಪ್ಪದೆ ತಾಳೆ ನೋಡಿ: ಗ್ರಾಫಿಕ್ಸ್ ಕಾರ್ಡಿನ ಉದ್ದ ಮತ್ತು ಪ್ರೊಸೆಸರನ್ನು ತಂಪಾಗಿಡುವ ಕೂಲರಿನ ಎತ್ತರ. ಗೋಪುರದ ಹಾಗೆ ನಿಲ್ಲುವ ಕೂಲರ್‌ಗಳು 155ರಿಂದ 160 ಮಿಲಿಮೀಟರ್ ಎತ್ತರ ಇರುವುದು ಸಾಮಾನ್ಯ. ಕ್ಯಾಬಿನೆಟ್ 150 ಮಿಲಿಮೀಟರ್‌ಗಷ್ಟೇ ಜಾಗ ಕೊಟ್ಟರೆ ಪಕ್ಕದ ಬಾಗಿಲು ಮುಚ್ಚುವುದೇ ಇಲ್ಲ.

ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಪೆಟ್ಟಿಗೆಯ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಜನ ಉಳಿತಾಯಕ್ಕೆ ಕೈ ಹಾಕುವುದು ಇಲ್ಲೇ. ಲೆಕ್ಕ ಸುಲಭ. ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದು ಬರೆದ ಎಎಂ5 ಪ್ರೊಸೆಸರ್ ಭಾರದ ಕೆಲಸದಲ್ಲಿ 88 ವ್ಯಾಟ್‌ವರೆಗೆ ಎಳೆಯಬಹುದು. ಇಂಟೆಲ್‌ನ ಐ5-12400 ಪ್ರೊಸೆಸರಿನ ಮೂಲ ಅಂಕಿ 65, ಟರ್ಬೋದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 117. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿಗೆ 115 ವ್ಯಾಟ್, 4070ಕ್ಕೆ 200. ಬೋರ್ಡು, ರ‍್ಯಾಮ್, ಫ್ಯಾನು, ಡಿಸ್ಕುಗಳಿಗೆಲ್ಲ ಸೇರಿ 60-70 ಇಟ್ಟುಕೊಳ್ಳಿ. 12400 ಮತ್ತು 4060 ಜೋಡಿಗೆ ಒಟ್ಟು 300ರ ಆಸುಪಾಸು ಬರುತ್ತದೆ. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರ ಹೇಳಿದ್ದಕ್ಕಿಂತ ಹೆಚ್ಚು ಎಳೆಯುವುದರಿಂದ 500-550 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ನೆಮ್ಮದಿಯ ಆಯ್ಕೆ. 1000 ವ್ಯಾಟ್‌ನದು ಬೇಕಿಲ್ಲ. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಮುದ್ರೆಗಳು ದಕ್ಷತೆಯನ್ನು ಹೇಳುತ್ತವೆ, ಅಷ್ಟೇ. ಶಾರ್ಟ್ ಆದಾಗ ತಾನಾಗಿ ನಿಲ್ಲುವ ರಕ್ಷಣೆ ಹೇಗಿದೆ, ಒಳಗಿನ ಕೆಪಾಸಿಟರ್‌ಗಳು ಎಂಥವು ಎಂಬುದನ್ನು ಮುದ್ರೆ ನೋಡಿ ತಿಳಿಯಲಾಗದು. ಪರೀಕ್ಷಿಸಿ ಬರೆದ ವಿಮರ್ಶೆಗಳನ್ನು ಓದಿ. ಇನ್ನೊಂದು ಮಾತು: ಎಸ್‌ಎಂಪಿಎಸ್‌ನ ಮುಚ್ಚಳವನ್ನು ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಸಲಕರಣೆ ಹೆಚ್ಚೇನೂ ಬೇಡ. ತುದಿಯಲ್ಲಿ ಆಯಸ್ಕಾಂತ ಇರುವ 2ನೇ ನಂಬರಿನ ಫಿಲಿಪ್ಸ್ ಸ್ಕ್ರೂಡ್ರೈವರ್, ಎಂ.2 ಎಸ್‌ಎಸ್‌ಡಿಯ (ಬೋರ್ಡಿಗೇ ನೇರ ಸಿಕ್ಕಿಸುವ ಡಿಸ್ಕ್) ಪುಟ್ಟ ಸ್ಕ್ರೂಗೆ ಒಂದು ಚಿಕ್ಕದು, ಸ್ಕ್ರೂ ಹಾಕಿಡಲು ಮೂರ್ನಾಲ್ಕು ಬಟ್ಟಲು, ಒಳ್ಳೆಯ ಬೆಳಕು. ಬಟ್ಟಲು ಯಾಕೆಂದರೆ ಸ್ಕ್ರೂಗಳು ಎರಡು ಜಾತಿ. 6-32 ಎಂಬುದರ ಮರೆ (ಥ್ರೆಡ್) ದಪ್ಪ, ಎಂ3 ಎಂಬುದರ ಮರೆ ಸಣ್ಣ. ಎಸ್‌ಎಂಪಿಎಸ್‌ಗೆ, 3.5 ಇಂಚಿನ ಹಾರ್ಡ್‌ಡಿಸ್ಕಿಗೆ 6-32, 2.5 ಇಂಚಿನ ಎಸ್‌ಎಸ್‌ಡಿಗೆ ಎಂ3. ಮದರ್‌ಬೋರ್ಡಿಗೆ ಯಾವುದು ಎಂಬುದನ್ನು ಕ್ಯಾಬಿನೆಟ್ಟಿನ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬ) ತೀರ್ಮಾನಿಸುತ್ತದೆ. ಸರಿಯಾದ ಸ್ಕ್ರೂ ಮೊದಲ ಎರಡು ಮೂರು ಸುತ್ತು ಬೆರಳಲ್ಲೇ ತಿರುಗುತ್ತದೆ. ಮೊದಲ ಸುತ್ತಿನಲ್ಲೇ ಬಿಗಿ ಎನಿಸಿದರೆ ಜಾತಿ ತಪ್ಪಿದೆ, ಅಥವಾ ಓರೆಯಾಗಿ ಹತ್ತಿದೆ. ಬಿಚ್ಚಿ ಮತ್ತೆ ಹಾಕಿ.

ಸ್ಥಾಯೀ ವಿದ್ಯುತ್ತಿನ ಬಗ್ಗೆ ಎರಡು ಅತಿಗಳಿವೆ: ಗಾಬರಿಯಾಗುವವರು, ಲೆಕ್ಕಕ್ಕೇ ಇಡದವರು. ಬೆರಳಿಗೆ ಚುರ್ ಎನ್ನುವ ಕಿಡಿ ನಮಗೆ ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಇರಬೇಕು. ಚಿಪ್ಪುಗಳು ಅದಕ್ಕಿಂತ ಬಹಳ ಕಡಿಮೆಯಲ್ಲೇ ಹಾಳಾಗಬಲ್ಲವು, ಅಂದರೆ ನಿಮಗೆ ಅರಿವಾಗದ ಹಾಗೆಯೇ. ಪರಿಹಾರ ಸರಳ. ಎಸ್‌ಎಂಪಿಎಸ್ಸನ್ನು ಅರ್ತಿಂಗ್ ಇರುವ ಪ್ಲಗ್ಗಿಗೆ ಚುಚ್ಚಿ, ಅದರ ಹಿಂದಿನ ಸ್ವಿಚ್ ಆಫ್ ಇರಲಿ, ಒಂದೊಂದು ಭಾಗ ಕೈಗೆತ್ತಿಕೊಳ್ಳುವ ಮೊದಲು ಅದರ ಬಣ್ಣ ಬಳಿಯದ ಲೋಹವನ್ನು ಮುಟ್ಟಿ. ರತ್ನಗಂಬಳಿಯ ಮೇಲೆ ಕೂತು, ಉಣ್ಣೆಯ ಬಟ್ಟೆ ತೊಟ್ಟು ಈ ಕೆಲಸ ಬೇಡ. ಬೋರ್ಡು, ಕಾರ್ಡುಗಳನ್ನು ಅಂಚಿನಲ್ಲಿ ಹಿಡಿಯಿರಿ. ಬೋರ್ಡ್ ಬಂದ ಬೆಳ್ಳಿಬಣ್ಣದ ಚೀಲದ ಮೇಲೆ ಬೋರ್ಡನ್ನಿಟ್ಟು ಕರೆಂಟ್ ಕೊಡಬೇಡಿ. ಆ ಚೀಲದ ಮೈ ಸ್ವಲ್ಪ ಮಟ್ಟಿಗೆ ವಿದ್ಯುತ್ತನ್ನು ಹರಿಯಗೊಡುತ್ತದೆ. ಬೋರ್ಡಿನ ರಟ್ಟಿನ ಪೆಟ್ಟಿಗೆಯೇ ಒಳ್ಳೆಯ ಕೆಲಸದ ಮಣೆ.

ಈಗ ಬೋರ್ಡ್ ಆ ರಟ್ಟಿನ ಮೇಲಿದೆ ಎಂದುಕೊಳ್ಳಿ. ಮೊದಲು ಪ್ರೊಸೆಸರ್. ಎಲ್‌ಜಿಎ ಮತ್ತು ಎಎಂ5 ಸಾಕೆಟ್ಟುಗಳಲ್ಲಿ ಪಿನ್ನುಗಳು ಇರುವುದು ಬೋರ್ಡಿನಲ್ಲಿ. 1700 ಎಂಬ ಹೆಸರೇ ಪಿನ್ನುಗಳ ಲೆಕ್ಕ, ಎಎಂ5ರಲ್ಲಿ 1718. ಕೂದಲಿನಂಥ ಈ ಪಿನ್ನುಗಳಲ್ಲಿ ಒಂದೆರಡು ಬಾಗಿದರೂ ಒಂದು ರ‍್ಯಾಮ್ ಸ್ಲಾಟ್ ಸತ್ತಂತಾಗಬಹುದು, ಇಲ್ಲವೇ ಬೋರ್ಡೇ ಏಳದಿರಬಹುದು. ಸಾಕೆಟ್ಟಿನ ಪಕ್ಕದ ಸನ್ನೆಯನ್ನು (ಲಿವರ್) ಬಿಡಿಸಿ ಮೇಲೆತ್ತಿ, ಲೋಹದ ಚೌಕಟ್ಟನ್ನು ತೆರೆಯಿರಿ. ಪ್ರೊಸೆಸರಿನ ಮೂಲೆಯ ಪುಟ್ಟ ತ್ರಿಕೋನ ಸಾಕೆಟ್ಟಿನ ತ್ರಿಕೋನದ ಕಡೆಗಿರಲಿ, ಬದಿಯ ಕಚ್ಚುಗಳು ಹೊಂದಲಿ. ಅಂಚಿನಲ್ಲಿ ಹಿಡಿದು ನೇರವಾಗಿ ಕೆಳಗಿಳಿಸಿ ಬಿಡಿ. ಒತ್ತಬೇಡಿ, ಸರಿಸಬೇಡಿ, ಅಲ್ಲಾಡಿಸಿ ನೋಡಬೇಡಿ. ಮೇಲೆತ್ತಬೇಕೆನಿಸಿದರೆ ಮತ್ತೆ ನೇರವಾಗಿಯೇ ಎತ್ತಿ.

ಇದುವರೆಗೆ ಬಲ ಸೊನ್ನೆ. ಮುಂದಿನ ಕ್ಷಣವೇ ಲೆಕ್ಕ ತಿರುಗುತ್ತದೆ, ಹೊಸಬರ ಎದೆ ಹೊಡೆದುಕೊಳ್ಳುವುದು ಇಲ್ಲೇ. ಚೌಕಟ್ಟು ಮುಚ್ಚಿ ಸನ್ನೆಯನ್ನು ಕೆಳಗೆ ತರುವಾಗ ಸಾಕಷ್ಟು ಬಲ ಬೇಕು, ಕಿರ್ರೆಂಬ ಸದ್ದೂ ಬರುತ್ತದೆ. ಅಷ್ಟು ಪಿನ್ನುಗಳೂ ಸ್ಪ್ರಿಂಗುಗಳು. ಅವೆಲ್ಲವನ್ನೂ ಒಟ್ಟಿಗೆ ಅದುಮುತ್ತಿದ್ದೀರಿ. ಪ್ರೊಸೆಸರ್ ಸಮತಟ್ಟಾಗಿ ಕೂತಿದೆ ಎಂದು ಕಣ್ಣಿಗೆ ಖಾತ್ರಿಯಾಗಿದ್ದರೆ ಧೈರ್ಯವಾಗಿ ಒತ್ತಿ ಸಿಕ್ಕಿಸಿ. ಆಗ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಚಿಮ್ಮಿ ಬರುತ್ತದೆ. ಮೊದಲೇ ಕೀಳಬೇಡಿ, ಬಂದ ಮೇಲೆ ಎಸೆಯಲೂ ಬೇಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಅದು ಬೇಕು. ಎಎಂ4ರ ಕಥೆ ತಿರುಗುಮುರುಗು. ಪಿನ್ನುಗಳು ಪ್ರೊಸೆಸರಿನ ಹೊಟ್ಟೆಯಲ್ಲಿವೆ, ಸನ್ನೆಯನ್ನು ನೆಟ್ಟಗೆ ನಿಲ್ಲಿಸಿದರೆ ಪ್ರೊಸೆಸರ್ ತನ್ನ ಭಾರಕ್ಕೇ ಇಳಿಯುತ್ತದೆ, ಸನ್ನೆಯೂ ಹಗುರ. ಮುಂದೆಂದಾದರೂ ಎಎಂ4ರ ಕೂಲರ್ ತೆಗೆಯುವಾಗ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ, ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಕೂಲರನ್ನು ಅತ್ತಿತ್ತ ತಿರುಚಿ ಬಿಡಿಸಿ. ನೇರ ಮೇಲಕ್ಕೆಳೆದರೆ ಪೇಸ್ಟಿಗಂಟಿದ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಕೊಂಡು ಬಂದು ಪಿನ್ನು ಬಾಗುತ್ತವೆ.

ರ‍್ಯಾಮ್‌ಗೆ ಬರೋಣ. ಒಂದು 16 ಜಿಬಿಗಿಂತ ಎರಡು 8 ಜಿಬಿ ಒಳ್ಳೆಯದು, ಪ್ರೊಸೆಸರಿಗೂ ಅದಕ್ಕೂ ನಡುವಿನ ಎರಡು ದಾರಿಗಳೂ (ಚಾನೆಲ್) ದುಡಿಯುತ್ತವೆ. ನಾಲ್ಕು ಸ್ಲಾಟುಗಳಿದ್ದರೆ ಹೆಚ್ಚಿನ ಬೋರ್ಡುಗಳಲ್ಲಿ ಎರಡು ಪಟ್ಟಿಗಳು ಹೋಗಬೇಕಾದದ್ದು ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಎರಡನೆಯದು ಮತ್ತು ನಾಲ್ಕನೆಯದಕ್ಕೆ. ಮೊದಲೆರಡರಲ್ಲಿ ಒತ್ತೊತ್ತಾಗಿ ಹಾಕುವುದು ಬಹಳ ಸಾಮಾನ್ಯ ತಪ್ಪು. ಸ್ಲಾಟಿನ ಕೊಕ್ಕೆ ತೆರೆಯಿರಿ, ಕಚ್ಚು ಹೊಂದಿಸಿ, ಎರಡೂ ತುದಿಗಳಲ್ಲಿ ಹೆಬ್ಬೆರಳಿಟ್ಟು ಒತ್ತಿ. ಬೋರ್ಡ್ ಸ್ವಲ್ಪ ಬಾಗಿದ ಹಾಗೆ ಕಂಡರೆ ಅಂಜಬೇಡಿ. ಟಕ್ ಎಂಬ ಸದ್ದು ಬರಬೇಕು, ಕೊಕ್ಕೆ ತಾನಾಗಿ ಮುಚ್ಚಬೇಕು. ಕೆಲವು ಬೋರ್ಡುಗಳಲ್ಲಿ ಕೊಕ್ಕೆ ಒಂದೇ ಬದಿಗಿರುತ್ತದೆ. ಅಲ್ಲಿ ಕೊಕ್ಕೆ ಇಲ್ಲದ ತುದಿ ಅರ್ಧ ಎದ್ದೇ ಇದ್ದರೂ ಕಣ್ಣಿಗೆ ಸರಿಯಾಗಿಯೇ ಕಾಣಬಹುದು. ಎರಡೂ ತುದಿ ಒಂದೇ ಮಟ್ಟದಲ್ಲಿದೆಯೇ ಎಂದು ಪಕ್ಕದಿಂದ ಬಗ್ಗಿ ನೋಡಿ. ಹೊಸ ಯಂತ್ರದಲ್ಲಿ ಪರದೆ ಬರದಿದ್ದರೆ ನಾನು ಮೊದಲು ಅನುಮಾನಿಸುವುದು ಈ ಅರ್ಧ ಕೂತ ರ‍್ಯಾಮನ್ನೇ.

ಎಂ.2 ಎಸ್‌ಎಸ್‌ಡಿ ಮೇಲೆ 2280 ಎಂದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದರ್ಥ. ಪ್ರೊಸೆಸರಿಗೆ ಹತ್ತಿರದ ಸ್ಲಾಟನ್ನೇ ಆರಿಸಿ. ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ. ಚಿನ್ನದ ಬಣ್ಣದ ತುದಿ ಹೆಚ್ಚುಕಡಿಮೆ ಮರೆಯಾಗಬೇಕು. ಬಿಟ್ಟರೆ ಅದು ಓರೆಯಾಗಿಯೇ ನಿಂತಿರುತ್ತದೆ. ಬೆರಳಲ್ಲಿ ಮಲಗಿಸಿ ಸ್ಕ್ರೂ ಹಾಕಿ. ಮಲಗಿಸುವ ಮೊದಲು 80ರ ಗುರುತಿನಲ್ಲಿ ಪುಟ್ಟ ಕಂಬ ಇದೆಯೇ ನೋಡಿ, ಇಲ್ಲದಿದ್ದರೆ ಎಸ್‌ಎಸ್‌ಡಿ ಬಾಗುತ್ತದೆ. ಸ್ಕ್ರೂ ಅಕ್ಕಿಕಾಳಿನಷ್ಟಿದೆ, ಅದಕ್ಕೆ ಬೆರಳ ತುದಿಯ ಬಲ ಸಾಕು. ಬೋರ್ಡಿನ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ಮುಚ್ಚಳ) ಮುಚ್ಚುವಾಗ ಕೆಳಗಿನ ಥರ್ಮಲ್ ಪ್ಯಾಡಿನ ಮೇಲಿರುವ ಪ್ಲಾಸ್ಟಿಕ್ ಪರೆಯನ್ನು ಕೀಳಿ. ಕೆಲವು ಬೋರ್ಡುಗಳಲ್ಲಿ ಒಂದು ಎಂ.2 ಸ್ಲಾಟ್ ಬಳಸಿದರೆ ಹಾರ್ಡ್‌ಡಿಸ್ಕ್ ಸೇರಿಸುವ ಸಾಟಾ ಪೋರ್ಟುಗಳಲ್ಲಿ ಒಂದೆರಡು ಕೆಲಸ ನಿಲ್ಲಿಸುತ್ತವೆ. ‘ಹಾರ್ಡ್‌ಡಿಸ್ಕ್ ಸತ್ತಿದೆ’ ಎಂದು ತೀರ್ಮಾನಿಸುವ ಮೊದಲು ಕೈಪಿಡಿಯಲ್ಲಿ ಆ ಸಾಲನ್ನು ಹುಡುಕಿ.

ಕೂಲರ್. ಜೊತೆಗೆ ಬಂದ ಕೂಲರಿನ ತಳದಲ್ಲಿ ಬೂದು ಬಣ್ಣದ ಪೇಸ್ಟ್ ಮೊದಲೇ ಬಳಿದಿದ್ದರೆ ಬೇರೆ ಹಚ್ಚಬೇಡಿ. ಇಲ್ಲದಿದ್ದರೆ ಪ್ರೊಸೆಸರಿನ ನಡುವೆ ಬಟಾಣಿಯಷ್ಟು ಸಾಕು. ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ. ಸ್ವಲ್ಪ ಹೆಚ್ಚಾದರೆ ಬದಿಗೆ ಹೊರಬಂದು ಒರೆಸುವ ಕೆಲಸ ಹೆಚ್ಚಾಗುತ್ತದೆ ಅಷ್ಟೇ, ಸಾಮಾನ್ಯ ಪೇಸ್ಟ್ ವಿದ್ಯುತ್ ಹರಿಸುವುದಿಲ್ಲ. ಲಿಕ್ವಿಡ್ ಮೆಟಲ್ ಮಾತ್ರ ಹರಿಸುತ್ತದೆ, ಮೊದಲ ಜೋಡಣೆಗೆ ಅದರ ಹತ್ತಿರವೂ ಹೋಗಬೇಡಿ. ಬೇರೆಯಾಗಿ ಕೊಂಡ ಕೂಲರಿನ ತಳಕ್ಕೆ ಪಾರದರ್ಶಕ ಪರೆ ಅಂಟಿರುತ್ತದೆ. ಅದನ್ನು ಕೀಳದೆ ಕೂರಿಸಿದರೆ ಬಯೋಸ್ ಪರದೆಯಲ್ಲೇ ಉಷ್ಣಾಂಶ ನಿಮಿಷದೊಳಗೆ 90 ಡಿಗ್ರಿ ದಾಟಬಹುದು.

ಕೂಲರಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ, ಎರಡೆರಡು ಸುತ್ತಿನಂತೆ ಬಿಗಿ ಮಾಡುತ್ತಾ ಹೋಗಿ. ಒಂದು ಮೂಲೆಯನ್ನು ಪೂರ್ತಿ ಬಿಗಿದರೆ ಇನ್ನೊಂದು ಮೇಲೇಳುತ್ತದೆ. ಸ್ಕ್ರೂ ತಾನಾಗಿ ನಿಂತ ಕಡೆ ನೀವೂ ನಿಲ್ಲಿ. ಇಂಟೆಲ್‌ನ ಒತ್ತು ಪಿನ್ನಿನ ಕೂಲರಾದರೆ ನಾಲ್ಕೂ ತಲೆಗಳ ಬಾಣದ ಗುರುತನ್ನು ಮೊದಲ ಸ್ಥಿತಿಗೆ ತಂದುಕೊಂಡು, ಎದುರುಬದುರು ಜೋಡಿಯನ್ನು ಒಟ್ಟಿಗೆ ಟಕ್ ಎನ್ನುವಂತೆ ಒತ್ತಿ, ಬೋರ್ಡನ್ನು ಮಗುಚಿ ನಾಲ್ಕೂ ಕಾಲುಗಳು ಹೊರಬಂದಿವೆಯೇ ನೋಡಿ. ಮೂರು ಬಂದು ಒಂದು ಬಾರದಿರುವುದು ಇದರ ಹುಟ್ಟುಗುಣ. ಫ್ಯಾನಿನ ತಂತಿ ಸಿಪಿಯು ಫ್ಯಾನ್ (ಸಿಪಿಯು ಎಂದರೆ ಪ್ರೊಸೆಸರ್) ಎಂದು ಬರೆದ ಹೆಡರಿಗೇ, ಅಂದರೆ ತಂತಿ ಸಿಕ್ಕಿಸುವ ಆ ಪಿನ್ನುಗಳ ಗುಂಪಿಗೇ ಹೋಗಬೇಕು. ಬೇರೆ ಕಡೆ ಹಾಕಿದರೆ ‘ಫ್ಯಾನ್ ಇಲ್ಲ’ ಎಂದು ಬೋರ್ಡ್ ತಕರಾರು ಮಾಡುತ್ತದೆ.

ಇಲ್ಲಿ ನಿಲ್ಲಿ. ಬೋರ್ಡನ್ನು ಕ್ಯಾಬಿನೆಟ್ಟಿಗೆ ಹಾಕಬೇಡಿ. ಇವತ್ತು ಹೇಳಿದ್ದರಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೊದಲ ಸಲ ಕರೆಂಟ್ ಕೊಡುವುದು ರಟ್ಟಿನ ಮೇಲೆಯೇ ಆಗಲಿ. ಎಸ್‌ಎಂಪಿಎಸ್ಸನ್ನು ಪಕ್ಕದಲ್ಲಿಡಿ. 24 ಪಿನ್ನಿನ ದೊಡ್ಡ ಕೇಬಲ್ಲನ್ನೂ ಪ್ರೊಸೆಸರಿನ 8 ಪಿನ್ನಿನದನ್ನೂ ಚುಚ್ಚಿ. ಈ 24 ಪಿನ್ನಿಗೆ ನಿಜಕ್ಕೂ ಬಲ ಬೇಕು. ಬೋರ್ಡಿನ ಅಂಚಿಗೆ ಕೆಳಗಿನಿಂದ ಬೆರಳಿನ ಆಸರೆ ಕೊಟ್ಟು, ಕೊಕ್ಕೆ ಕಚ್ಚುವವರೆಗೆ ಒತ್ತಿ. ಮಾನಿಟರ್ ಸೇರಿಸಿ, ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡನ್ನೂ ಹಾಕಿ. ಕೈಪಿಡಿಯಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್ನು ಯಾವುವೆಂದು ನೋಡಿ, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡನ್ನೂ ಅರೆಕ್ಷಣ ಒಟ್ಟಿಗೆ ಮುಟ್ಟಿಸಿ. ಗುಂಡಿ ಒತ್ತಿದಾಗ ಆಗುವುದೂ ಅಷ್ಟೇ.

ಡಿಡಿಆರ್5 ಇದ್ದರೆ ಈಗ ತಾಳ್ಮೆ ಬೇಕು. ಮೊದಲ ಸಲ ಬೋರ್ಡ್ ರ‍್ಯಾಮ್‌ನೊಂದಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಪರದೆ ಕಪ್ಪು, ರ‍್ಯಾಮ್‌ನ ಸೂಚಕ ದೀಪ ಉರಿಯುತ್ತಿರಬಹುದು, ಯಂತ್ರ ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಹತ್ತು ಹದಿನೈದು ನಿಮಿಷ ಬಿಟ್ಟುಬಿಡಿ. ಗಾಬರಿಯಿಂದ ಕರೆಂಟ್ ತೆಗೆದರೆ ಅದು ಮೊದಲಿನಿಂದ ಶುರು ಮಾಡುತ್ತದೆ, ನೀವು ಮತ್ತೆ ಗಾಬರಿಯಾಗುತ್ತೀರಿ. ಬಯೋಸ್ ಕಂಡ ಮೇಲೆ ಪ್ರೊಸೆಸರಿನ ಹೆಸರು, ರ‍್ಯಾಮ್‌ನ ಒಟ್ಟು ಅಳತೆ, ಎಸ್‌ಎಸ್‌ಡಿ, ಉಷ್ಣಾಂಶ ಈ ನಾಲ್ಕನ್ನು ನೋಡಿ. 16 ಜಿಬಿ ಹಾಕಿ 8 ಕಾಣುತ್ತಿದ್ದರೆ ಒಂದು ಪಟ್ಟಿ ಸರಿಯಾಗಿ ಕೂತಿಲ್ಲ. ಇವೆಲ್ಲ ಸರಿ ಇದ್ದರೆ ಮುಂದೆ ಬರುವ ತೊಂದರೆ ಹೆಚ್ಚಾಗಿ ಕ್ಯಾಬಿನೆಟ್ಟಿನ ಜೋಡಣೆಯಲ್ಲೇ ಹುಟ್ಟಿದ್ದು ಎಂಬುದು ನಿಮಗೆ ಗೊತ್ತಿರುತ್ತದೆ. ಎಲ್ಲವನ್ನೂ ಬಿಗಿದ ಮೇಲೆ ಹುಡುಕುವ ಮೂರು ಗಂಟೆ ಉಳಿಯುತ್ತದೆ.

ಕ್ಯಾಬಿನೆಟ್ಟಿನೊಳಗೆ ಮೊದಲು ಹೋಗಬೇಕಾದದ್ದು ಬೋರ್ಡಿನ ಹಿಂಬದಿಯ ಪೋರ್ಟುಗಳ ಸುತ್ತ ಕೂರುವ ತಗಡಿನ ಪಟ್ಟಿ, ಅದು ಬೋರ್ಡಿಗೇ ಅಂಟಿಕೊಂಡಿಲ್ಲದಿದ್ದರೆ. ಮರೆತು ಬೋರ್ಡ್ ಬಿಗಿದರೆ ಎಲ್ಲ ಬಿಚ್ಚಬೇಕು. ಆಮೇಲೆ ಸ್ಟ್ಯಾಂಡ್‌ಆಫ್‌ಗಳನ್ನು ಎಣಿಸಿ. ಬೋರ್ಡಿನ ತೂತು ಇರುವಲ್ಲೆಲ್ಲ ಕಂಬ ಇರಬೇಕು, ತೂತು ಇಲ್ಲದಲ್ಲಿ ಒಂದೂ ಇರಬಾರದು. ಹೆಚ್ಚುವರಿ ಕಂಬ ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿದರೆ ಶಾರ್ಟ್ ಆಗುತ್ತದೆ. ಗುಂಡಿ ಒತ್ತಿದ ಕೂಡಲೇ ಫ್ಯಾನ್ ಒಮ್ಮೆ ಮಿಸುಕಿ ನಿಂತುಬಿಡುವುದು ಇದರ ಲಕ್ಷಣ. ಎಲ್ಲ ಸ್ಕ್ರೂಗಳನ್ನೂ ಸಡಿಲವಾಗಿ ಹಾಕಿಕೊಂಡು ಆಮೇಲೆ ಬಿಗಿ ಮಾಡಿ. ಎಷ್ಟು ಬಿಗಿ? ಬೋರ್ಡ್ ಅಲ್ಲಾಡದಷ್ಟು. ಸ್ಕ್ರೂಡ್ರೈವರನ್ನು ಮುಷ್ಟಿಯಲ್ಲಿ ಹಿಡಿಯದೆ ಮೂರು ಬೆರಳಲ್ಲಿ ಹಿಡಿದರೆ ಬಲ ತಾನಾಗಿ ಅಳತೆಯಲ್ಲಿರುತ್ತದೆ.

ಪ್ರೊಸೆಸರಿನ 8 ಪಿನ್ ಕೇಬಲ್ಲನ್ನು ಬೋರ್ಡ್ ಬಿಗಿಯುವ ಮೊದಲೇ ಮೇಲಿನ ಮೂಲೆಯ ಕಿಂಡಿಯಿಂದ ಎಳೆದಿಟ್ಟುಕೊಳ್ಳಿ, ಆಮೇಲೆ ಕೈ ಹೋಗುವುದಿಲ್ಲ. ಇದನ್ನೂ ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ಲನ್ನೂ ಗೊಂದಲ ಮಾಡಿಕೊಳ್ಳಬೇಡಿ. ಪ್ರೊಸೆಸರಿನದು ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಸೀಳುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ಎರಡರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಸಾಲುಗಳು ಅದಲುಬದಲಾಗಿವೆ. ಆಕಾರ ಬೇರೆ ಮಾಡಿಟ್ಟಿರುವುದೇ ತಪ್ಪು ಆಗದಿರಲಿ ಎಂದು. ಬಲ ಹಾಕಿ ತುರುಕಿದರೆ ಆ ಕಾವಲು ಮುರಿಯುತ್ತದೆ. ಇನ್ನೂ ದೊಡ್ಡ ಅಪಾಯ ಬಿಚ್ಚಿ ಹಾಕುವ ಕೇಬಲ್‌ಗಳ ಮಾಡ್ಯುಲರ್ ಎಸ್‌ಎಂಪಿಎಸ್‌ನಲ್ಲಿದೆ. ಕೇಬಲ್ಲಿನ ಬೋರ್ಡ್ ಕಡೆಯ ತುದಿಗೆ ಎಲ್ಲರೂ ಪಾಲಿಸುವ ನಿಯಮ ಉಂಟು, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಬೇರೆ ಮಾದರಿಯ ಕೇಬಲ್ ಸಲೀಸಾಗಿ ಕೂತು, 5 ವೋಲ್ಟ್ ಇರಬೇಕಾದಲ್ಲಿ 12 ವೋಲ್ಟ್ ಹರಿಸಿ ಡಿಸ್ಕನ್ನು ಸುಡಬಲ್ಲದು. ಇಲ್ಲಿ ಆಕಾರ ನಿಮ್ಮನ್ನು ಕಾಪಾಡುವುದಿಲ್ಲ, ಆದ್ದರಿಂದ ನೀವೇ ಎಚ್ಚರವಾಗಿರಬೇಕು.

ಮುಂಭಾಗದ ಸಣ್ಣ ತಂತಿಗಳು ಕಣ್ಣಿಗೆ ಕಷ್ಟ, ಕೆಲಸ ಸುಲಭ. ಸ್ವಿಚ್‌ಗಳಿಗೆ ಪ್ಲಸ್ ಮೈನಸ್ ಇಲ್ಲ. ದೀಪಗಳಿಗೆ ಇದೆ, ತಿರುಗಾಮುರುಗಾ ಹಾಕಿದರೆ ಉರಿಯುವುದಿಲ್ಲ, ಬೇರೇನೂ ಕೆಡುವುದಿಲ್ಲ. ಕೆಡುವುದು ಯುಎಸ್‌ಬಿ 3ರ 19 ಪಿನ್ನಿನ ಅಗಲ ಹೆಡರ್. ಅದರ ಕೇಬಲ್ ಬಿರುಸು, ಪಿನ್ನುಗಳು ತೆಳು. ಕಚ್ಚನ್ನು ಹೊಂದಿಸಿ ನೇರವಾಗಿ ತಳ್ಳಿ, ಕೀಳುವಾಗಲೂ ನೇರವಾಗಿ ಕೀಳಿ, ಅತ್ತಿತ್ತ ಅಲುಗಿಸಿದರೆ ಪಿನ್ ಬಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್ ಮೇಲಿನ ಉದ್ದ ಸ್ಲಾಟಿಗೆ ಹೋಗುತ್ತದೆ. ಹಿಂಬದಿಯ ತಗಡಿನ ಪಟ್ಟಿಗಳನ್ನು ತೆಗೆದು, ಸ್ಲಾಟಿನ ತುದಿಯ ಕೊಕ್ಕೆ ಟಕ್ ಎನ್ನುವವರೆಗೆ ಸಮನಾಗಿ ಒತ್ತಿ, ಸ್ಕ್ರೂ ಹಾಕಿ. ಸ್ಲಾಟ್ ತಾನಾಗಿ 75 ವ್ಯಾಟ್ ಕೊಡುತ್ತದೆ, ಒಂದೊಂದು 8 ಪಿನ್ ಕೇಬಲ್ 150. ಕಾರ್ಡಿಗೆ ಎರಡು 8 ಪಿನ್ ಬೇಕಿದ್ದರೆ ಒಂದೇ ಕೇಬಲ್ಲಿನ ಕವಲನ್ನು ಬಳಸುವ ಬದಲು ಎರಡು ಬೇರೆ ಕೇಬಲ್ ಎಳೆಯಿರಿ. ಹೊಸ 16 ಪಿನ್ನಿನ ಕನೆಕ್ಟರಿನ ವಿಷಯದಲ್ಲಿ ಕೈ ಧಾರಾಳವಾಗಿರಲಿ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳಲ್ಲಿ ಈ ಕನೆಕ್ಟರ್ ಕರಗಿದ ಪ್ರಕರಣಗಳು ಬಂದಾಗ, ಅದು ಪೂರ್ತಿ ಒಳಗೆ ಕೂತಿರದಿದ್ದದ್ದು ಒಂದು ಮುಖ್ಯ ಕಾರಣವೆಂದು ಕಂಡುಬಂತು. ಕಾರ್ಡು ಮತ್ತು ಕನೆಕ್ಟರಿನ ನಡುವೆ ಗೀಟಿನಷ್ಟೂ ಸಂದು ಕಾಣಬಾರದು, ಕನೆಕ್ಟರಿನ ಬುಡದಲ್ಲೇ ತಂತಿಯನ್ನು ಮಡಿಚಬಾರದು.

ಫ್ಯಾನುಗಳ ದಿಕ್ಕು: ಚೌಕಟ್ಟಿನ ಅಡ್ಡಪಟ್ಟಿಗಳು ಕಾಣುವ ಬದಿಯಿಂದ ಗಾಳಿ ಹೊರಡುತ್ತದೆ. ಮುಂದಿನವು ಒಳಗೆಳೆಯಲಿ, ಹಿಂದಿನದು ಮತ್ತು ಮೇಲಿನದು ಹೊರಗೆ ತಳ್ಳಲಿ.

ಈಗ ಗುಂಡಿ ಒತ್ತಿ. ಏನೂ ಆಗದಿದ್ದರೆ ಎಸ್‌ಎಂಪಿಎಸ್ ಹಿಂದಿನ ಸ್ವಿಚ್, ಪವರ್ ಗುಂಡಿಯ ತಂತಿ, 24 ಪಿನ್, ಈ ಕ್ರಮದಲ್ಲಿ ನೋಡಿ. ಫ್ಯಾನ್ ತಿರುಗಿಯೂ ಚಿತ್ರ ಬಾರದಿದ್ದರೆ ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದಾಗ ಅದು ಕಾರ್ಡಿನಲ್ಲಿರಬೇಕು, ಬೋರ್ಡಿನಲ್ಲಲ್ಲ. ಆಮೇಲೆ ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ ಎಂದು ಬರೆದ ಪುಟ್ಟ ದೀಪಗಳಲ್ಲಿ ಯಾವುದು ಉರಿದೇ ಇದೆ ಎಂದು ಗಮನಿಸಿ. ಬೋರ್ಡ್ ಎಲ್ಲಿ ತಡೆದು ನಿಂತಿದೆ ಎಂಬುದನ್ನು ಅದೇ ಹೇಳುತ್ತದೆ. ರ‍್ಯಾಮ್ ಒಂದೇ ಪಟ್ಟಿಗೆ ಇಳಿಸಿ ನೋಡಿ. ಅದೂ ಆಗದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ, ಬಯೋಸ್ ಮೂಲಸ್ಥಿತಿಗೆ ಮರಳುತ್ತದೆ.

ಎಲ್ಲ ಸರಿಯಿದ್ದರೆ ಬಯೋಸ್‌ನಲ್ಲಿ ಒಂದು ಕೆಲಸ ಉಳಿದಿರುತ್ತದೆ. 6000 ಎಂದು ಕೊಂಡ ಡಿಡಿಆರ್5 ರ‍್ಯಾಮ್ ಸಾಮಾನ್ಯವಾಗಿ 4800ರಲ್ಲಿ ಓಡುತ್ತಿರುತ್ತದೆ. ಇಂಟೆಲ್‌ನಲ್ಲಿ ಎಕ್ಸ್‌ಎಂಪಿ, ಎಎಂಡಿಯಲ್ಲಿ ಎಕ್ಸ್‌ಪೋ ಎಂಬುದನ್ನು ಆನ್ ಮಾಡಿದರೆ ಹೇಳಿದ ವೇಗ ಸಿಗುತ್ತದೆ. ಇದು ಲೆಕ್ಕದ ಪ್ರಕಾರ ಓವರ್‌ಕ್ಲಾಕಿಂಗೇ, ಅಂದರೆ ಮೂಲ ವೇಗವನ್ನು ಮೀರಿ ಓಡಿಸುವುದೇ. ಆಮೇಲೆ ಯಂತ್ರ ಕಾರಣವಿಲ್ಲದೆ ರೀಸ್ಟಾರ್ಟ್ ಆಗತೊಡಗಿದರೆ ಮೊದಲು ಇದನ್ನೇ ಆಫ್ ಮಾಡಿ ನೋಡಿ. ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿದರೆ ರ‍್ಯಾಮ್ ಬಗ್ಗೆ ಅನುಮಾನ ತೀರುತ್ತದೆ.

ವಿಂಡೋಸ್ 11 ಹಾಕುವುದಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಬೋರ್ಡುಗಳಲ್ಲಿ ಅದು ಪಿಟಿಟಿ ಎಂಬ ಹೆಸರಲ್ಲಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಬಯೋಸ್‌ನೊಳಗೇ ಇದೆ. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲರ್ ಮಾಡಿಕೊಳ್ಳಿ, ನಿಮ್ಮ ಬೋರ್ಡಿನ ಲ್ಯಾನ್ ಮತ್ತು ವೈಫೈ ಡ್ರೈವರುಗಳನ್ನೂ ಜೊತೆಗಿಟ್ಟುಕೊಳ್ಳಿ. ಹೊಸ ಬೋರ್ಡಿನ ನೆಟ್‌ವರ್ಕ್ ಚಿಪ್ಪನ್ನು ಇನ್‌ಸ್ಟಾಲರ್ ಗುರುತಿಸದಿದ್ದರೆ ಡ್ರೈವರ್ ಇಳಿಸಲು ಇಂಟರ್ನೆಟ್ಟೇ ಇರುವುದಿಲ್ಲ. ಹಳೆಯ ಡಿಸ್ಕ್ ಇದ್ದರೆ ಇನ್‌ಸ್ಟಾಲ್ ಮುಗಿಯುವವರೆಗೆ ಅದರ ಕೇಬಲ್ ಕಿತ್ತಿಡಿ. ಇಲ್ಲವಾದರೆ ಬೂಟ್ ಮಾಡುವ ಭಾಗ ಅದರೊಳಗೆ ಹೋಗಿ ಕೂತು, ಮುಂದೆ ಆ ಡಿಸ್ಕ್ ತೆಗೆದ ದಿನ ವಿಂಡೋಸ್ ಏಳುವುದಿಲ್ಲ. 1 ಟಿಬಿ ಎಸ್‌ಎಸ್‌ಡಿ 931 ಜಿಬಿ ಎಂದು ತೋರಿಸಿದರೆ ಮೋಸವೇನೂ ಆಗಿಲ್ಲ; ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಕೆಲಸ ಮುಗಿದ ಮೇಲೆ ಮೇಜಿನ ಮೇಲೆ ಉಳಿದದ್ದನ್ನು ಗುಡಿಸಿ ಎಸೆಯಬೇಡಿ. ಸಾಕೆಟ್ಟಿನ ಕಪ್ಪು ಮುಚ್ಚಳ, ಮಿಕ್ಕ ಸ್ಟ್ಯಾಂಡ್‌ಆಫ್, ಎಂ.2ರ ಎರಡನೇ ಸ್ಕ್ರೂ, ಕೈಪಿಡಿ ಇವು ಬೋರ್ಡಿನ ಪೆಟ್ಟಿಗೆಗೆ ಹೋಗಲಿ. ಬಳಸದ ಎಸ್‌ಎಂಪಿಎಸ್ ಕೇಬಲ್ಲುಗಳನ್ನು ಬೇರೆ ಚೀಲಕ್ಕೆ ಹಾಕಿ, ಅದರ ಮೇಲೆ ಆ ಎಸ್‌ಎಂಪಿಎಸ್‌ನ ಪೂರ್ತಿ ಮಾದರಿ ಹೆಸರನ್ನು ಅಳಿಸದ ಶಾಯಿಯಲ್ಲಿ ಬರೆಯಿರಿ.